ಕಿವಿಗೆ ಹಿತವಾದ ಆಲಿಕೆ: ಮನೆಯ ಸಂಗೀತಕ್ಕೆ ತೆರೆದ ಬೆನ್ನಿನ ಹೆಡ್‌ಫೋನ್

ಒಂದು ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಸಂಗೀತ ಕೇಳುವುದೆಂದರೆ ಮನೆಮಂದಿಯೆಲ್ಲ ಕೂಡಿ ಕೇಳುವುದಾಗಿತ್ತು. ಪಡಸಾಲೆಯ ಗೂಡಿನಲ್ಲಿದ್ದ ರೇಡಿಯೋದಿಂದ ಭದ್ರಾವತಿ ಆಕಾಶವಾಣಿಯ ವಚನಗಾಯನ ಬಂದರೆ ಅಡುಗೆಮನೆಯಲ್ಲಿದ್ದವರಿಗೂ ಕೇಳಿಸುತ್ತಿತ್ತು, ಕೊಟ್ಟಿಗೆಯಲ್ಲಿದ್ದವರಿಗೂ ಕೇಳಿಸುತ್ತಿತ್ತು. ಆಮೇಲೆ ಟೇಪ್‌ರೆಕಾರ್ಡರ್ ಬಂದಿತು. ಈಗ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ. ಪ್ರತಿಯೊಬ್ಬರ ಕಿವಿಗೂ ಬೇರೆ ಬೇರೆ ನಾದ ತಲುಪುತ್ತಿದೆ. ಅಜ್ಜನಿಗೆ ಪ್ರವಚನ, ಅಮ್ಮನಿಗೆ ಭಾವಗೀತೆ, ಮಗನಿಗೆ ಚಿತ್ರಗೀತೆ. ಧ್ವನಿಯ ಮೂಲವು ಮಾರು ದೂರದಿಂದ ಕಿವಿಯ ಬಾಗಿಲಿಗೇ ಬಂದು ನಿಂತಿರುವಾಗ ಅದನ್ನು ಹೇಗೆ ಕೇಳಬೇಕು, ಯಾವ ಸಾಧನದಿಂದ ಕೇಳಬೇಕು ಎಂಬುದು ಅಭಿರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ಅದು ಆರೋಗ್ಯದ ಪ್ರಶ್ನೆಯೂ ಆಗಿದೆ.

ಹೊಸದುರ್ಗ ಸೀಮೆಯ ಜನಕ್ಕೆ ನಾದದ ನಂಟು ಹೊಸದಲ್ಲ. ನಮ್ಮ ತಾಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ದ ನಾಟಕಗಳು ನಾಡಿನುದ್ದಕ್ಕೂ ರಂಗಗೀತೆಗಳನ್ನು ಹರಡಿವೆ. ಅಲ್ಲಿಯ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತು ವಚನ ಸಂಗೀತವನ್ನು ಕೇಳಿದವರು ನಮ್ಮಲ್ಲಿ ಸಾವಿರಾರು ಮಂದಿ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನಾಲಿಗೆಯ ಮೇಲೆಯೇ ಉಳಿಸಿಕೊಂಡಿದ್ದ ಜಿಲ್ಲೆ ನಮ್ಮದು. ಇಂಥ ಸೀಮೆಯವರು ಮನೆಯಲ್ಲಿ ಬಿಡುವಾಗಿ ಕುಳಿತು ಬಗೆಬಗೆಯ ಸಂಗೀತವನ್ನು ಹಿತವಾಗಿ, ಕಿವಿಗೆ ಕೇಡಾಗದಂತೆ ಕೇಳಲು ‘ಓಪನ್-ಬ್ಯಾಕ್’ ಅಂದರೆ ತೆರೆದ ಬೆನ್ನಿನ ಹೆಡ್‌ಫೋನ್ ಎಷ್ಟರಮಟ್ಟಿಗೆ ಒದಗುತ್ತದೆ, ಅದನ್ನು ಆರಿಸುವ ಬಗೆ ಯಾವುದು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಕಿವಿಯ ಒಳಗೆ ನಡೆಯುವುದೇನು?

ಗಾಳಿಯಲ್ಲಿ ಬಂದ ಕಂಪನವು ಕಿವಿಯ ತಮಟೆಯನ್ನು ಅಲುಗಿಸುತ್ತದೆ. ಅದರ ಹಿಂದಿರುವ ಮೂರು ಪುಟ್ಟ ಮೂಳೆಗಳು ಆ ಅಲುಗಾಟವನ್ನು ಒಳಗಿವಿಗೆ ದಾಟಿಸುತ್ತವೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ, ದ್ರವ ತುಂಬಿದ ನಾಳವೊಂದಿದೆ. ಆ ನಾಳದಲ್ಲಿ ಸುಮಾರು 15 ಸಾವಿರ ರೋಮಕೋಶಗಳು ಸಾಲಾಗಿ ನಿಂತಿವೆ. ದ್ರವದ ಅಲೆಗೆ ಇವು ಗಾಳಿಗೆ ರಾಗಿಯ ಪೈರು ಬಾಗುವಂತೆ ಬಾಗುತ್ತವೆ. ಬಾಗಿದೊಡನೆ ನರದ ಮೂಲಕ ಮೆದುಳಿಗೆ ಸುದ್ದಿ ಮುಟ್ಟುತ್ತದೆ. ನಾವು ‘ಕೇಳಿದೆವು’ ಎನ್ನುವುದು ಆಗ.

ಪೈರಿನ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಮಂದ ಗಾಳಿಗೆ ಬಾಗಿದ ಪೈರು ಮತ್ತೆ ಎದ್ದು ನಿಲ್ಲುತ್ತದೆ. ಬಿರುಗಾಳಿ ಗಂಟೆಗಟ್ಟಲೆ ಬೀಸಿದರೆ ನೆಲಕ್ಕೊರಗುತ್ತದೆ. ರೋಮಕೋಶಗಳ ಪಾಡೂ ಅದೇ. ಗಟ್ಟಿ ಸದ್ದನ್ನು ಬಹಳ ಹೊತ್ತು ಕೇಳಿದಾಗ ಮೊದಲು ಅವು ದಣಿಯುತ್ತವೆ. ಕಿವಿ ಮಂದವಾದಂತೆ, ಗುಂಯ್‌ಗುಟ್ಟಿದಂತೆ ಅನಿಸುತ್ತದೆ. ವಿಶ್ರಾಂತಿ ದೊರೆತರೆ ಎಷ್ಟೋ ಸಲ ಸುಧಾರಿಸಿಕೊಳ್ಳುತ್ತವೆ. ಇದು ದಿನದಿನವೂ ನಡೆದರೆ ಅವು ಸಾಯುತ್ತವೆ. ಹೊಲದ ಪೈರಾದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಮನುಷ್ಯನ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಅದನ್ನು ಮರಳಿಸುವ ಮಾತ್ರೆಯಾಗಲಿ ತೈಲವಾಗಲಿ ಇಲ್ಲ. ಆದ್ದರಿಂದ ಕೇಳುವಿಕೆಯ ವಿಷಯದಲ್ಲಿ ಕಾಪಾಡಿಕೊಳ್ಳುವುದೇ ಮೊದಲ ಚಿಕಿತ್ಸೆ.

ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಯುವಜನರು ಗಟ್ಟಿ ಸದ್ದನ್ನು ಕೇಳುವ ರೂಢಿಯಿಂದಾಗಿ ಕಿವಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ವರದಿಯಲ್ಲಿ ಎಚ್ಚರಿಸಿದೆ. ಈ ನಷ್ಟ ನೋವಿಲ್ಲದೆ, ಸದ್ದಿಲ್ಲದೆ ಬರುವುದರಿಂದ ಬಹುಮಂದಿಗೆ ಅದರ ಅರಿವಾಗುವುದು ತಡವಾಗಿಯೇ.

ತೆರೆದ ಬೆನ್ನು ಎಂದರೇನು?

ಹೆಡ್‌ಫೋನಿನ ಎರಡು ಬಟ್ಟಲುಗಳ ಒಳಗೆ ತೆಳುವಾದ ಪೊರೆಯೊಂದು ಇರುತ್ತದೆ. ಅದು ಮುಂದಕ್ಕೂ ಹಿಂದಕ್ಕೂ ಅಲುಗಿ ಧ್ವನಿ ಹುಟ್ಟಿಸುತ್ತದೆ. ಮುಂದಿನ ಧ್ವನಿ ಕಿವಿಗೆ ಬರುತ್ತದೆ. ಅಷ್ಟೇ ಧ್ವನಿ ಹಿಂದಕ್ಕೂ ಹೊರಡುತ್ತದೆ. ಬಟ್ಟಲಿನ ಹಿಂಭಾಗ ಮುಚ್ಚಿದ್ದರೆ ಅದು ಮುಚ್ಚಿದ ಬೆನ್ನಿನ ಹೆಡ್‌ಫೋನ್. ಹಿಂಭಾಗದಲ್ಲಿ ಜಾಲರಿ ಇದ್ದು ಗಾಳಿಯೂ ಧ್ವನಿಯೂ ಹೊರಹೋಗುವಂತಿದ್ದರೆ ಅದು ತೆರೆದ ಬೆನ್ನಿನದು.

ಖಾಲಿ ತಂಬಿಗೆಯನ್ನು ಕಿವಿಗೆ ಕವಚಿ ಹಿಡಿದರೆ ಹೊರಗಿನ ಸದ್ದು ಮಂದವಾಗಿ, ಒಳಗೊಂದು ಗುಂಗು ಕೇಳಿಸುತ್ತದೆ. ಮುಚ್ಚಿದ ಬಟ್ಟಲಿನ ಸ್ವಭಾವವೂ ಸ್ವಲ್ಪ ಹಾಗೆಯೇ: ಹಿಂದಕ್ಕೆ ಹೋದ ಧ್ವನಿ ಗೋಡೆಗೆ ತಾಗಿ ಮರಳುತ್ತದೆ, ಮಂದ್ರದ ಸ್ವರಗಳು ದಪ್ಪವಾಗುತ್ತವೆ. ಉತ್ತಮ ತಯಾರಕರು ಇದನ್ನು ಬಹಳಮಟ್ಟಿಗೆ ತಗ್ಗಿಸುತ್ತಾರೆ, ಆದರೂ ಅದು ಕೋಣೆಯೊಳಗಿನ ಗಾಯನ. ತೆರೆದ ಬೆನ್ನಿನದು ಬಯಲು ರಂಗಮಂದಿರದ ಗಾಯನ. ಅಲ್ಲಿ ಧ್ವನಿ ಗೋಡೆಗೆ ಬಡಿದು ಹಿಂದಿರುಗುವುದಿಲ್ಲ. ಹಾಡುಗಾರ, ತಬಲಾ, ಹಾರ್ಮೋನಿಯಂ, ತಂಬೂರಿ ತಮ್ಮ ತಮ್ಮ ಜಾಗದಲ್ಲಿ ಬಿಡಿಬಿಡಿಯಾಗಿ ಕುಳಿತಂತೆ ಕೇಳಿಸುತ್ತವೆ. ಸಂಗೀತವು ತಲೆಯೊಳಗೆ ತುರುಕಿದಂತಿರದೆ ಸುತ್ತಲಿನ ಗಾಳಿಯಲ್ಲಿ ಇದ್ದಂತೆ ಭಾಸವಾಗುತ್ತದೆ.

ಈ ಬಗೆಯ ಹೆಡ್‌ಫೋನನ್ನು 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ‘ಎಚ್‌ಡಿ 414’ ಎಂಬ ಹೆಸರಿನಲ್ಲಿ ಮೊದಲು ಮಾರುಕಟ್ಟೆಗೆ ತಂದಿತು. ಹಳದಿ ಸ್ಪಂಜಿನ ಮೆತ್ತೆಯ ಆ ಹಗುರ ಸಾಧನ ಅಲ್ಲಿಯವರೆಗಿನ ಭಾರವಾದ, ಕಿವಿಯನ್ನು ಬಿಗಿಯಾಗಿ ಮುಚ್ಚುವ ಹೆಡ್‌ಫೋನುಗಳ ನಡುವೆ ಬೇರೆಯದೇ ದಾರಿ ತೋರಿಸಿತು. ಇಂದು ಹಲವು ದೇಶಗಳ ಹಲವು ಸಂಸ್ಥೆಗಳು ಇವನ್ನು ತಯಾರಿಸುತ್ತವೆ.

ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ?

ನಮ್ಮದು ಬಯಲುಸೀಮೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 35 ಡಿಗ್ರಿಯನ್ನು ದಾಟುತ್ತದೆ. ಆ ಧಗೆಯಲ್ಲಿ ರೆಕ್ಸಿನ್ ಮೆತ್ತೆಯ ಮುಚ್ಚಿದ ಹೆಡ್‌ಫೋನನ್ನು ಅರ್ಧ ಗಂಟೆ ಹಾಕಿಕೊಂಡರೆ ಕಿವಿಯ ಸುತ್ತ ಬೆವರು ಕಟ್ಟುತ್ತದೆ. ಕಿವಿಯ ತೂತಿನೊಳಗೆ ತುರುಕುವ ಇಯರ್‌ಫೋನುಗಳಂತೂ ಗಾಳಿಯಾಡಲು ಬಿಡದೆ ಗುಗ್ಗೆಯನ್ನು ಒಳಕ್ಕೆ ತಳ್ಳುತ್ತವೆ. ತೇವ, ಬಿಸಿ, ಕತ್ತಲೆ ಮೂರೂ ಸೇರಿದಲ್ಲಿ ಬೂಷ್ಟು ಬೆಳೆಯುವುದು ಸಹಜ. ಕಿವಿಯ ತುರಿಕೆ, ಸೋರುವಿಕೆಗೆ ಇದೂ ಒಂದು ಕಾರಣ. ತೆರೆದ ಬೆನ್ನಿನ ಹೆಡ್‌ಫೋನು ಕಿವಿಯ ಸುತ್ತ ಕೂರುತ್ತದೆ, ತೂತಿಗೆ ಏನನ್ನೂ ತುರುಕುವುದಿಲ್ಲ, ಜಾಲರಿಯ ಮೂಲಕ ಗಾಳಿ ಆಡುತ್ತದೆ. ನಮ್ಮ ಹವೆಗೆ ಇದು ದೊಡ್ಡ ಅನುಕೂಲ.

ಎರಡನೆಯ ಅನುಕೂಲವೆಂದರೆ ಮನೆಯ ಸದ್ದು ಕೇಳಿಸುತ್ತಿರುತ್ತದೆ. ಕುಕ್ಕರಿನ ಸೀಟಿ, ಬಾಗಿಲು ಬಡಿದ ಸದ್ದು, ಹಾಸಿಗೆ ಹಿಡಿದ ಹಿರಿಯರ ಕರೆ ಇವು ಕಿವಿಗೆ ಬೀಳುತ್ತವೆ. ಸಂಗೀತ ಕೇಳುವವರು ಮನೆಯಿಂದ ಹೊರಗಾದವರಂತೆ ಇರಬೇಕಾಗಿಲ್ಲ.

ಆದರೆ ಇದೇ ಗುಣ ಕೆಲವೆಡೆ ಅನನುಕೂಲವಾಗುತ್ತದೆ. ಹೊರಗಿನ ಸದ್ದು ಒಳಗೆ ಬರುವಂತೆ ಒಳಗಿನ ಸದ್ದು ಹೊರಗೂ ಹೋಗುತ್ತದೆ. ಪಕ್ಕದಲ್ಲಿ ಮಗು ಪರೀಕ್ಷೆಗೆ ಓದುತ್ತಿದ್ದರೆ, ಅದೇ ಕೋಣೆಯಲ್ಲಿ ಯಾರಾದರೂ ಮಲಗಿದ್ದರೆ ಅವರಿಗೆ ತೊಂದರೆಯಾದೀತು. ಇನ್ನೂ ಮುಖ್ಯವಾದ ಸಂಗತಿ ಆರೋಗ್ಯಕ್ಕೆ ಸೇರಿದ್ದು. ಮನೆಯು ಹೆದ್ದಾರಿಯ ಮಗ್ಗುಲಿಗಿದ್ದರೆ, ಪಕ್ಕದಲ್ಲಿ ಹಿಟ್ಟಿನ ಗಿರಣಿ ಇಲ್ಲವೇ ತೆಂಗಿನಕಾಯಿ ಸುಲಿಯುವ ಯಂತ್ರ ನಡೆಯುತ್ತಿದ್ದರೆ, ಆ ಗದ್ದಲವನ್ನು ಮೀರಿಸಲು ಕೇಳುವವರು ತಮಗೆ ತಿಳಿಯದೆಯೇ ಧ್ವನಿಯನ್ನು ಏರಿಸುತ್ತಾರೆ. ಅಂಥಲ್ಲಿ ತೆರೆದ ಬೆನ್ನಿನದು ಕಿವಿಗೆ ಕೇಡನ್ನೇ ತರುತ್ತದೆ. ಅವರಿಗೆ ಮುಚ್ಚಿದ ಬೆನ್ನಿನದು ವಾಸಿ. ಗದ್ದಲ ಅಡಗಿದ ಮೇಲೆ ಕೇಳುವುದು ಅದಕ್ಕಿಂತ ವಾಸಿ. ರಸ್ತೆಯಲ್ಲಿ ನಡೆಯುವಾಗ, ಬೈಕಿನ ಮೇಲೆ, ಹೊಲದಲ್ಲಿ ಯಂತ್ರದ ಬಳಿ ಯಾವ ಬಗೆಯ ಹೆಡ್‌ಫೋನೂ ಸಲ್ಲದು.

ಒಟ್ಟಿನಲ್ಲಿ ಇದು ಶಾಂತವಾದ ಮನೆಗೆ, ಬೆಳಗಿನ ಜಾವಕ್ಕೆ, ಇಳಿಹೊತ್ತಿನ ಬಿಡುವಿಗೆ ಹೊಂದುವ ಸಾಧನ.

ಹಿತವಾಗಿ ಕೂರುವಂತೆ ಆರಿಸುವ ಬಗೆ

ಹೆಡ್‌ಫೋನು ಎಷ್ಟು ಚೆನ್ನಾಗಿ ನುಡಿದರೂ ಕಾಲು ಗಂಟೆಗೆ ಕಿವಿ ನೋಯುವಂತಿದ್ದರೆ ಅದು ಕಪಾಟು ಸೇರುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಅದು ತಲೆಯ ಮೇಲೆ ಕೂರುವ ರೀತಿ.

ತೂಕ: 250ರಿಂದ 300 ಗ್ರಾಂ ಒಳಗಿನದು ಬಹುಮಂದಿಗೆ ಭಾರವೆನಿಸುವುದಿಲ್ಲ. 350 ಗ್ರಾಂ ದಾಟಿದರೆ ಹಿರಿಯರಿಗೆ, ಕತ್ತಿನ ನೋವಿರುವವರಿಗೆ ಬೇಗ ದಣಿವಾಗುತ್ತದೆ. ಬೆಲೆ ಹೆಚ್ಚಿದಷ್ಟೂ ಹಗುರ ಎಂಬ ನಿಯಮವಿಲ್ಲ. ಬೆಲೆಬಾಳುವ ಕೆಲವು ಹೆಡ್‌ಫೋನುಗಳು 400 ಗ್ರಾಂ ಮೀರುತ್ತವೆ. ಪೆಟ್ಟಿಗೆಯ ಮೇಲೆ ಬರೆದ ತೂಕವನ್ನು ಓದಿ ಕೊಳ್ಳಬೇಕು.

ಹಿಡಿತ: ಎರಡು ಬಟ್ಟಲುಗಳು ತಲೆಯನ್ನು ಅದುಮುವ ಬಲ ಹದವಾಗಿರಬೇಕು. ಬಿಗಿ ಹೆಚ್ಚಾದರೆ ದವಡೆಯ ಕೀಲಿನ ಬಳಿ, ಕಿವಿಯ ಹಿಂದೆ ನೋವು ಬಂದು ತಲೆನೋವಿಗೆ ದಾರಿಯಾಗುತ್ತದೆ. ಸಡಿಲವಾದರೆ ತಲೆ ಬಾಗಿಸಿದಾಗ ಜಾರುತ್ತದೆ. ಹಾಕಿಕೊಂಡು ನಿಧಾನವಾಗಿ ತಲೆ ಬಾಗಿಸಿ, ಅಗಿಯುವಂತೆ ಬಾಯಾಡಿಸಿ ನೋಡಬೇಕು. ಜಾರದೆ, ದವಡೆಯನ್ನು ಒತ್ತದೆ ಇದ್ದರೆ ಹಿಡಿತ ಸರಿಯಿದೆ. ಹೊಸದು ಸ್ವಲ್ಪ ಬಿಗಿಯಾಗಿದ್ದರೆ ತಲೆಯ ಅಗಲದ ಪುಸ್ತಕಗಳ ಕಟ್ಟಿಗೆ ಒಂದೆರಡು ರಾತ್ರಿ ತೊಡಿಸಿಟ್ಟರೆ ಸಡಿಲಗೊಳ್ಳುತ್ತದೆ. ಕೈಯಿಂದ ಎಳೆದು ಬಾಗಿಸಿದರೆ ಮುರಿಯುವ ಸಂಭವವಿದೆ.

ಮೆತ್ತೆ: ಬಟ್ಟಲು ಕಿವಿಯ ಮೇಲೆ ಕೂರದೆ ಕಿವಿಯ ಸುತ್ತ ಕೂರಬೇಕು. ಇಡೀ ಕಿವಿ ಮಡಿಸದೆ ಒಳಗೆ ಹಿಡಿಯಬೇಕಾದರೆ ಮೆತ್ತೆಯ ಒಳಬಾಯಿ ಉದ್ದದಲ್ಲಿ ಆರೂವರೆ ಸೆಂಟಿಮೀಟರಿನಷ್ಟಾದರೂ ಇರಬೇಕು. ಕಿವಿಯ ಅಂಚು ಒಳಗಿನ ಜಾಲರಿಗೆ ತಾಗದಷ್ಟು ಆಳವಿರಬೇಕು. ಬಟ್ಟೆಯ ಬಗೆಯಲ್ಲಿ ಮಖಮಲ್ಲಿನ ಮೆತ್ತೆ ನಮ್ಮ ಸೆಕೆಗೆ ಹಿತ. ರೆಕ್ಸಿನ್ ಒರೆಸಲು ಸುಲಭ, ಆದರೆ ಬೆವರು ಕಟ್ಟುತ್ತದೆ, ಕೆಲವು ವರ್ಷಗಳಲ್ಲಿ ಪದರು ಪದರಾಗಿ ಸುಲಿಯುತ್ತದೆ. ಯಾವುದಾದರೂ ಸರಿ, ಮೆತ್ತೆಯನ್ನು ಬಿಚ್ಚಿ ಬದಲಿಸಲು ಬರುತ್ತದೆಯೇ, ಬದಲಿ ಮೆತ್ತೆ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಬಾಳಿಕೆಯ ಗುಟ್ಟು ಇರುವುದು ಅಲ್ಲಿ.

ತಲೆಪಟ್ಟಿ: ಭಾರವೆಲ್ಲ ನೆತ್ತಿಯ ಒಂದೇ ಬಿಂದುವಿನಲ್ಲಿ ಬಿದ್ದರೆ ಅರ್ಧ ಗಂಟೆಯೊಳಗೆ ಅಲ್ಲಿ ನೋಯತೊಡಗುತ್ತದೆ. ಅಗಲವಾದ, ಒಳಗೆ ಮೆತ್ತನೆಯ ಪಟ್ಟಿಯಿರುವುದು ಭಾರವನ್ನು ಹಂಚುತ್ತದೆ. ಕೂದಲು ತೆಳುವಾದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕನ್ನಡಕ, ಓಲೆ, ತುರುಬು: ನಮ್ಮ ಮನೆಗಳಲ್ಲಿ ಇವನ್ನು ಮರೆಯುವಂತಿಲ್ಲ. ಕನ್ನಡಕದ ಕಡ್ಡಿಯನ್ನು ಮೆತ್ತೆ ಒತ್ತಿದರೆ ಕಿವಿಯ ಮೇಲೆ ಗೆರೆ ಬೀಳುವಷ್ಟು ನೋವಾಗುತ್ತದೆ. ತೆಳು ಕಡ್ಡಿಯ ಕನ್ನಡಕ, ಮೃದುವಾದ ದಪ್ಪ ಮೆತ್ತೆ ಇದಕ್ಕೆ ಪರಿಹಾರ. ಜುಮುಕಿ, ದೊಡ್ಡ ಓಲೆಗಳನ್ನು ಧರಿಸಿದ ತಾಯಂದಿರು ಅವನ್ನು ತೆಗೆದಿಟ್ಟು ಕೇಳುವುದು ಒಳಿತು, ಇಲ್ಲವಾದರೆ ಕಿವಿಯ ಹಾಲೆ ಒತ್ತಿ ಗಾಯವಾದೀತು. ತುರುಬು ನೆತ್ತಿಯ ಸಮೀಪದಲ್ಲಿದ್ದರೆ ಪಟ್ಟಿ ಸರಿಯಾಗಿ ಕೂರದು. ಪೇಟ ರುಮಾಲುಗಳನ್ನು ತೆಗೆದೇ ಹಾಕಿಕೊಳ್ಳಬೇಕು.

ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದರೆ ಎಲ್ಲವೂ ಹಿತವೆನಿಸುತ್ತದೆ. ನಿಜ ತಿಳಿಯುವುದು ಒಂದು ಗಂಟೆಯಾದ ಮೇಲೆ. ಆದ್ದರಿಂದ ಊರಿನ ಅಂಗಡಿಯಾಗಲಿ, ಬೆಂಗಳೂರಿನಿಂದ ಪಾರ್ಸೆಲ್ ತರಿಸುವುದಾಗಲಿ, ಹಿಂದಿರುಗಿಸಲು ಎಷ್ಟು ದಿನದ ಅವಕಾಶವಿದೆ ಎಂಬುದನ್ನು ಮೊದಲೇ ತಿಳಿದುಕೊಂಡು, ಆ ಅವಧಿಯೊಳಗೆ ಮನೆಯಲ್ಲಿ ನಾಲ್ಕಾರು ಸಲ ಒಂದೊಂದು ಗಂಟೆ ಧರಿಸಿ ಪರೀಕ್ಷಿಸಬೇಕು.

ವಚನದಿಂದ ಡೊಳ್ಳಿನವರೆಗೆ

ಒಂದೇ ಬಗೆಯ ಹಾಡು ಕೇಳುವವರ ಆಯ್ಕೆ ಸುಲಭ. ಬಗೆಬಗೆಯ ಸಂಗೀತ ಕೇಳುವವರು ಯಾವ ಸ್ವರವೂ ಮಿತಿಮೀರದ, ಸಮತೂಕದ ಸಾಧನವನ್ನು ಹುಡುಕಬೇಕು. ಅದನ್ನು ಪರೀಕ್ಷಿಸಲು ನಮಗೆ ಬಾಯಿಪಾಠವಾಗಿರುವ ಹಾಡುಗಳಷ್ಟು ಒಳ್ಳೆಯ ಅಳತೆಗೋಲು ಬೇರೆ ಇಲ್ಲ.

ಮೊದಲಿಗೆ ಮನುಷ್ಯ ಕಂಠ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರು ಹಾಡಿದ ವಚನಗಳಲ್ಲಿ ಮಾತು ಮುಖ್ಯ, ರಾಗ ಅದಕ್ಕೆ ಆಸರೆ. ಒಂದೊಂದು ಅಕ್ಷರವೂ ತಿಳಿಯಾಗಿ ಕೇಳಿಸಬೇಕು. ‘ಸ’, ‘ಶ’ಗಳು ಕಿವಿಗೆ ಚುಚ್ಚಬಾರದು. ಚುಚ್ಚುವಂತಿದ್ದರೆ ಆ ಹೆಡ್‌ಫೋನಿನಲ್ಲಿ ತಾರಸ್ವರಗಳು ಅತಿಯಾಗಿವೆ ಎಂದರ್ಥ. ಬಹಳ ಹೊತ್ತು ಕೇಳಿದರೆ ದಣಿವು ಬರುತ್ತದೆ.

ಎರಡನೆಯದು ತಂಬೂರಿ. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ಷಡ್ಜ ಸೆಕೆಂಡಿಗೆ ಸುಮಾರು 139 ಕಂಪನಗಳದು. ಅದರ ಕೆಳಗಿನ ಖರಜ ಸುಮಾರು 69. ಮನುಷ್ಯನ ಎಳೆಯ ಕಿವಿ 20ರಿಂದ 20 ಸಾವಿರದವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ತಂಬೂರಿಯ ತಂತಿ ಮೂಲಸ್ವರದೊಡನೆ ಅದರ ಮೇಲಿನ ಹಲವಾರು ಸ್ವರಗಳನ್ನೂ ಒಟ್ಟಿಗೆ ಹೊಮ್ಮಿಸುತ್ತದೆ. ಒಳ್ಳೆಯ ತೆರೆದ ಹೆಡ್‌ಫೋನಿನಲ್ಲಿ ಆ ಝೇಂಕಾರ ಗಾಯಕನ ಹಿಂದೆ ತೆಳುವಾದ ತೆರೆಯಂತೆ ಹರಡಿ ನಿಲ್ಲುತ್ತದೆ. ಕಳಪೆಯದರಲ್ಲಿ ಅದು ಬರಿಯ ಗೊಗ್ಗರು ಸದ್ದಾಗುತ್ತದೆ.

ಮೂರನೆಯದು ಚರ್ಮವಾದ್ಯ. ತಬಲಾದ ಎಡಗೈ ಗುಮುಕು, ಡೊಳ್ಳಿನ ಪೆಟ್ಟು, ವೀರಗಾಸೆಯ ಸಮ್ಮಾಳದ ನುಡಿ ಇವುಗಳಲ್ಲಿ ತೆರೆದ ಬೆನ್ನಿನದರ ಮಿತಿ ಗೋಚರಿಸುತ್ತದೆ. ಹಿಂಭಾಗ ತೆರೆದಿರುವುದರಿಂದ ಸೆಕೆಂಡಿಗೆ ಐವತ್ತು ಅರವತ್ತಕ್ಕಿಂತ ಕಡಿಮೆ ಕಂಪನಗಳ ಅತಿ ಮಂದ್ರದ ಧ್ವನಿ ಇಂಥ ಹಲವು ಹೆಡ್‌ಫೋನುಗಳಲ್ಲಿ ತೆಳುವಾಗುತ್ತದೆ. ಎದೆ ನಡುಗಿಸುವ ಡೊಳ್ಳನ್ನು ಇದರಿಂದ ನಿರೀಕ್ಷಿಸಬಾರದು. ಪೆಟ್ಟಿನ ಸ್ಪಷ್ಟತೆ, ಕೋಲು ಚರ್ಮವನ್ನು ತಾಗಿದ ಕ್ಷಣದ ಚುರುಕು ಮಾತ್ರ ಚೆನ್ನಾಗಿ ಸಿಗುತ್ತದೆ. ಮಂದ್ರ ಸಾಲದೆಂದು ಒಟ್ಟು ಧ್ವನಿಯನ್ನೇ ಏರಿಸುವುದು ಅಪಾಯದ ದಾರಿ.

ಕೊನೆಗೆ, ವಾದ್ಯವೇ ಇಲ್ಲದ ಜನಪದ ಕಂಠ. ಸೋಬಾನೆ ಪದ, ಬೀಸುವ ಪದಗಳ ಹಳೆಯ ಧ್ವನಿಮುದ್ರಣಗಳಲ್ಲಿ ಹಿನ್ನೆಲೆಯ ಗೊರಕಲು ಸದ್ದು ಇರುತ್ತದೆ. ಅತಿ ಚುರುಕಾದ ಹೆಡ್‌ಫೋನು ಆ ಗೊರಕಲನ್ನೇ ಎತ್ತಿ ತೋರಿಸುತ್ತದೆ. ಹಳೆಯ ಮುದ್ರಣಗಳನ್ನು ಹೆಚ್ಚು ಕೇಳುವವರು ತಾರಸ್ವರ ಸೌಮ್ಯವಾಗಿರುವುದನ್ನು ಆರಿಸಿಕೊಳ್ಳುವುದು ಲೇಸು.

ಮೊಬೈಲಿಗೆ ಹೊಂದುವುದೇ?

ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ‘ಓಮ್’ ಎಂಬ ಅಳತೆ ಇರುತ್ತದೆ. ಅದು ವಿದ್ಯುತ್ತಿಗೆ ಅದು ಒಡ್ಡುವ ತಡೆ. ಸಾಧಾರಣವಾಗಿ 32ರಿಂದ 80 ಓಮ್ ಒಳಗಿನದು ಮೊಬೈಲಿನಿಂದಲೇ ಸಾಕಷ್ಟು ನುಡಿಯುತ್ತದೆ. 250, 300 ಓಮ್‌ನ ಹೆಡ್‌ಫೋನುಗಳು ಧ್ವನಿಮುದ್ರಣ ಶಾಲೆಗಳ ಬಳಕೆಯಲ್ಲಿವೆ. ಅವುಗಳಿಗೆ ಬೇರೆ ಆಂಪ್ಲಿಫೈಯರ್ ಇದ್ದರೆ ಒಳಿತು. ಓಮ್ ಹೆಚ್ಚಿದ್ದರೆ ಗುಣವೂ ಹೆಚ್ಚು ಎಂಬ ನಂಬಿಕೆ ತಪ್ಪು. ಮೊದಲ ಸಲ ಕೊಳ್ಳುವವರಿಗೆ ಕಡಿಮೆ ಓಮ್‌ನದೇ ಸಾಕು.

ಬೆನ್ನು ತೆರೆದ ಹೆಡ್‌ಫೋನುಗಳು ಬಹುಪಾಲು ತಂತಿಯವೇ. ಈಗಿನ ಅನೇಕ ಮೊಬೈಲುಗಳಲ್ಲಿ ದುಂಡನೆಯ ಪಿನ್ನು ಸೇರಿಸುವ ತೂತಿಲ್ಲ. ಚಾರ್ಜಿಂಗ್ ತೂತಿಗೆ ಹಾಕುವ ಪುಟ್ಟ ಅಡಾಪ್ಟರ್ ಬೇಕಾಗುತ್ತದೆ. ಕೆಲವು ಹೆಡ್‌ಫೋನುಗಳ ತಂತಿಯ ತುದಿಯಲ್ಲಿ 6.3 ಮಿಲಿಮೀಟರಿನ ದಪ್ಪ ಪಿನ್ನು ಇರುತ್ತದೆ, 3.5 ಮಿಲಿಮೀಟರಿನ ಸಣ್ಣ ಪಿನ್ನು ಜೊತೆಗಿದೆಯೇ ಎಂದು ನೋಡಬೇಕು. ತಂತಿಯನ್ನು ಬಿಚ್ಚಿ ಬದಲಿಸಲು ಬರುವಂತಿದ್ದರೆ ಮೇಲು, ಏಕೆಂದರೆ ಮೊದಲು ಕೆಡುವ ಅಂಗ ಅದು.

ಎಷ್ಟು ಗಟ್ಟಿಯಾಗಿ, ಎಷ್ಟು ಹೊತ್ತು?

ಧ್ವನಿಯ ಬಲವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಎದುರು ಕುಳಿತು ಆಡುವ ಸಹಜ ಮಾತು ಸುಮಾರು 60 ಡೆಸಿಬೆಲ್. ಅಡುಗೆಮನೆಯ ಮಿಕ್ಸಿ 85ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದೊಡ್ಡವರು 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. ಧ್ವನಿ ಪ್ರತಿ 3 ಡೆಸಿಬೆಲ್ ಏರಿದಾಗ ಕಿವಿಗೆ ತಾಗುವ ಶಕ್ತಿ ಇಮ್ಮಡಿಯಾಗುವುದರಿಂದ ಕೇಳುವ ಹೊತ್ತು ಅರ್ಧಕ್ಕಿಳಿಯಬೇಕು. ಆ ಲೆಕ್ಕದಲ್ಲಿ 85 ಡೆಸಿಬೆಲ್ ಆದರೆ ವಾರಕ್ಕೆ ಹನ್ನೆರಡೂವರೆ ಗಂಟೆ. 90 ಆದರೆ 4 ಗಂಟೆ. 95 ಆದರೆ ಒಂದೂಕಾಲು ಗಂಟೆ. 100 ಆದರೆ ಇಡೀ ವಾರಕ್ಕೆ ಬರಿಯ 20 ನಿಮಿಷ. ಮಕ್ಕಳಿಗೆ ಈ ಮಿತಿ 75 ಡೆಸಿಬೆಲ್‌ನಿಂದಲೇ ಆರಂಭವಾಗುತ್ತದೆ.

ಮನೆಯಲ್ಲಿ ಡೆಸಿಬೆಲ್ ಅಳೆಯುವ ಯಂತ್ರ ಇರುವುದಿಲ್ಲ. ‘ಪಕ್ಕದವರಿಗೆ ನಿಮ್ಮ ಹಾಡು ಕೇಳಿಸಿದರೆ ಧ್ವನಿ ಹೆಚ್ಚಾಗಿದೆ’ ಎಂಬ ಪರೀಕ್ಷೆಯನ್ನು ಅನೇಕರು ಬಲ್ಲರು. ತೆರೆದ ಬೆನ್ನಿನದಕ್ಕೆ ಅದು ಸಲ್ಲುವುದಿಲ್ಲ, ಏಕೆಂದರೆ ಮೆಲ್ಲಗೆ ಇಟ್ಟರೂ ಅದರ ಧ್ವನಿ ಹೊರಗೆ ಕೇಳಿಸುತ್ತದೆ. ಇದಕ್ಕೆ ತಿರುಗುಮುರುಗಾದ ಪರೀಕ್ಷೆ ಬೇಕು. ಹಾಡು ನಡೆಯುತ್ತಿರುವಾಗ ಒಂದು ಮಾರು ದೂರದಲ್ಲಿ ಕುಳಿತವರು ಸಹಜ ದನಿಯಲ್ಲಿ ಆಡಿದ ಮಾತು ನಮಗೆ ಅರ್ಥವಾಗಬೇಕು. ಅರ್ಥವಾದರೆ ಧ್ವನಿ ಹದವಾಗಿದೆ. ಅವರು ಕೂಗಬೇಕಾಗಿ ಬಂದರೆ ತಗ್ಗಿಸಬೇಕು.

ಇನ್ನೆರಡು ನಿಯಮಗಳನ್ನು ರೂಢಿಸಿಕೊಳ್ಳಬಹುದು. ಆರಂಭದಲ್ಲಿ ಮೆಲ್ಲಗೆ ಇಟ್ಟು ಐದು ನಿಮಿಷ ಕಾದರೆ ಕಿವಿ ಅದಕ್ಕೆ ಒಗ್ಗುತ್ತದೆ; ಆಗ ಏರಿಸುವ ಆಸೆ ತಾನಾಗಿ ಕಡಿಮೆಯಾಗುತ್ತದೆ. ಗಂಟೆಗೊಮ್ಮೆ ಹೆಡ್‌ಫೋನು ತೆಗೆದು ಹತ್ತು ನಿಮಿಷ ಕಿವಿಗೆ ಮೌನವನ್ನು ಕೊಡಬೇಕು. ಮೊಬೈಲಿನಲ್ಲಿ ಗರಿಷ್ಠ ಧ್ವನಿಗೆ ಮಿತಿ ಹಾಕುವ ಸೌಲಭ್ಯವಿದ್ದರೆ ಮಕ್ಕಳಿಗಾಗಿ ಅದನ್ನು ಬಳಸಬೇಕು. ಹಾಕಿಕೊಂಡೇ ನಿದ್ರೆ ಹೋಗುವ ಅಭ್ಯಾಸ ಬೇಡ.

ಹಿರಿಯರು ಮತ್ತು ತೊಂದರೆಯಿರುವವರು

ಮನೆಯ ಹಿರಿಯರು ಟಿ.ವಿ. ಸದ್ದನ್ನು ದಿನದಿನಕ್ಕೆ ಏರಿಸುತ್ತಿದ್ದರೆ, ‘ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ’ ಎನ್ನುತ್ತಿದ್ದರೆ ಅವರಿಗೆ ಹೆಡ್‌ಫೋನು ತಂದುಕೊಟ್ಟು ಸುಮ್ಮನಾಗಬಾರದು. ವಯಸ್ಸಾದಂತೆ ಮೊದಲು ಕುಂದುವುದು ತಾರಸ್ವರಗಳ ಗ್ರಹಣ. ಸ, ಶ, ತ, ಕ ಮುಂತಾದ ವ್ಯಂಜನಗಳು ಕಳೆದುಹೋಗಿ ಮಾತು ಕಲಸಿದಂತಾಗುತ್ತದೆ. ಅದಕ್ಕೆ ಬೇಕಾದದ್ದು ಕಿವಿಯ ಪರೀಕ್ಷೆ, ಅಗತ್ಯವಿದ್ದರೆ ಶ್ರವಣ ಸಾಧನ. ಕೇಳಿಸದ ಹಿರಿಯರು ಮಾತುಕತೆಯಿಂದ ಹಿಂದೆ ಸರಿದು ಒಂಟಿಯಾಗುತ್ತಾರೆ. ಚಿಕಿತ್ಸೆಯಿಲ್ಲದ ಶ್ರವಣದೋಷವು ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದೆಂದು ವೈದ್ಯಲೋಕ ಇಂದು ಒಪ್ಪಿದೆ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಯ ಸಲಹೆಯಂತೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ನಾಡಿಗೆ ದೊಡ್ಡ ಆಸರೆ.

ಕಿವಿಯ ಹಿಂದೆ ಶ್ರವಣ ಸಾಧನ ಧರಿಸಿದವರು ಆಳವಾದ ದೊಡ್ಡ ಬಟ್ಟಲಿನ ತೆರೆದ ಹೆಡ್‌ಫೋನನ್ನು ಅದರ ಮೇಲೆಯೇ ಧರಿಸಿ ನೋಡಬಹುದು. ಮುಚ್ಚಿದ ಬಟ್ಟಲಿನಲ್ಲಿ ಶ್ರವಣ ಸಾಧನ ‘ಕುಂಯ್’ ಎಂದು ಸೀಟಿ ಹೊಡೆಯುವುದು ಹೆಚ್ಚು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹೆಡ್‌ಫೋನನ್ನು ಕಿವಿಗೆ ಧರಿಸಲು ಅಡ್ಡಿಯಿಲ್ಲ. ಆದರೆ ಅದರೊಳಗೆ ಅಯಸ್ಕಾಂತ ಇರುವುದರಿಂದ ಎದೆಯ ಮೇಲೆ ಇಟ್ಟುಕೊಳ್ಳುವುದಾಗಲಿ, ಅಂಗಿಯ ಜೇಬಿಗೆ ಸೇರಿಸುವುದಾಗಲಿ ಸಲ್ಲದು. ಕಿವಿ ಸೋರುತ್ತಿರುವವರು ವಾಸಿಯಾಗುವವರೆಗೆ ಯಾವ ಹೆಡ್‌ಫೋನನ್ನೂ ಬಳಸಬಾರದು. ಕಿವಿ ತುರಿಸಿದರೆ ಹೇರ್‌ಪಿನ್ನು, ಬೆಂಕಿಕಡ್ಡಿ ಹಾಕುವುದು, ತಮಟೆ ತೂತಾಗಿದೆಯೇ ಎಂದು ತಿಳಿಯದೆ ಎಣ್ಣೆ ಬಿಡುವುದು ಹಾನಿಕರ.

ಹೆಡ್‌ಫೋನು ತೆಗೆದ ಮೇಲೆ ಗುಂಯ್‌ಗುಟ್ಟುವಿಕೆ ಮರುದಿನವೂ ಉಳಿದರೆ ವೈದ್ಯರನ್ನು ಕಾಣಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಒಂದು ದಿನವೂ ತಡಮಾಡಬಾರದು. ಆರಂಭದ ದಿನಗಳಲ್ಲಿ ಮಾತ್ರ ಚಿಕಿತ್ಸೆಗೆ ಹೆಚ್ಚು ಫಲವಿದೆ.

ಶುಚಿತ್ವ

ಮೆತ್ತೆಯನ್ನು ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಬೇಕು. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಹೆಡ್‌ಫೋನು ಬೇಡ, ಎಣ್ಣೆ ಹೀರಿದ ಮೆತ್ತೆ ಬೇಗ ಹಾಳಾಗುತ್ತದೆ. ಮಖಮಲ್ಲಿನ ಮೆತ್ತೆಯನ್ನು ಬಿಚ್ಚಿ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಮೃದುವಾಗಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ತೊಡಿಸಬಹುದು. ತೆರೆದ ಜಾಲರಿಗೆ ಧೂಳು ಸುಲಭವಾಗಿ ಸೇರುವುದರಿಂದ ಬಳಸದಿರುವಾಗ ಬಟ್ಟೆಯ ಚೀಲದಲ್ಲಿಡುವುದು ಲೇಸು. ಕಿವಿಯ ಸೋಂಕು ಇರುವವರೊಡನೆ ಹಂಚಿಕೊಳ್ಳಬಾರದು.

ಇವೆಲ್ಲವನ್ನೂ ಕೂಡಿಸಿ ಹೇಳುವುದಾದರೆ, ಶಾಂತವಾದ ಮನೆಯುಳ್ಳವರು 300 ಗ್ರಾಂ ಒಳಗಿನ, ಮಖಮಲ್ಲಿನ ಮೆತ್ತೆಯ, ಬಿಡಿಭಾಗ ದೊರೆಯುವ, 80 ಓಮ್ ಮೀರದ, ಸಮತೂಕದ ಧ್ವನಿಯ ತೆರೆದ ಹೆಡ್‌ಫೋನನ್ನು ಆರಿಸಿಕೊಂಡರೆ ಬಹುಕಾಲ ನೆಮ್ಮದಿಯಿಂದ ಕೇಳಬಹುದು. ಮನೆ ಗದ್ದಲದ್ದಾದರೆ ಆ ಹಣವನ್ನು ಉಳಿಸಿ, ಒಂದು ಪುಟ್ಟ ಸ್ಪೀಕರನ್ನು ಪಡಸಾಲೆಯಲ್ಲಿಟ್ಟು ಮನೆಮಂದಿಯೆಲ್ಲ ಕೂಡಿ ಕೇಳುವುದೂ ಒಳ್ಳೆಯ ಮಾರ್ಗವೇ. ಪ್ರತಿವರ್ಷ ಮಾರ್ಚ್ 3ರಂದು ವಿಶ್ವ ಶ್ರವಣ ದಿನವನ್ನು ಆಚರಿಸುತ್ತಾರೆ. ಆ ದಿನವನ್ನು ನೆನಪಿಟ್ಟುಕೊಂಡು ವರ್ಷಕ್ಕೊಮ್ಮೆ ಅರವತ್ತು ದಾಟಿದ ಹಿರಿಯರ ಮತ್ತು ಮೊಬೈಲಿಗೆ ಅಂಟಿಕೊಂಡ ಮಕ್ಕಳ ಕಿವಿಯನ್ನು ಪರೀಕ್ಷೆ ಮಾಡಿಸುವ ರೂಢಿ ನಮ್ಮ ಮನೆಗಳಲ್ಲಿ ಬೆಳೆಯಲಿ. ಇಳಿವಯಸ್ಸಿನಲ್ಲೂ ವಚನದ ಒಂದೊಂದು ಅಕ್ಷರ ತಿಳಿಯಾಗಿ ಕೇಳಿಸುವ ಕಿವಿ ಎಲ್ಲರಿಗೂ ಉಳಿಯಲಿ.